ಮರೆಸಿದ ಮುಖ, ಮರೆಯಾಗದ ಮಾತು

ಜುಫೈರ್‌ನಲ್ಲಿ ನಮ್ಮ ಮನೆ ಏಳನೆಯ ಮಹಡಿಯಲ್ಲಿದೆ. ಒಂದು ಕಿಟಕಿಯಿಂದ ಅಲ್ ಫತೇಹ್ ಮಸೀದಿಯ ಗುಮ್ಮಟ ಕಾಣುತ್ತದೆ. ಇನ್ನೊಂದರಿಂದ ಅಮೆರಿಕದ ನೌಕಾನೆಲೆಯ ಬೇಲಿಯೂ ರಾತ್ರಿಯಿಡೀ ಉರಿಯುವ ಅದರ ದೀಪಗಳೂ ಕಾಣುತ್ತವೆ. ಕೆಳಗೆ ಹೋಟೆಲುಗಳು, ಬರ್ಗರ್ ಅಂಗಡಿಗಳು, ಹುಕ್ಕಾ ಕೆಫೆಗಳು. 2022ರ ನವೆಂಬರ್ 20ರಿಂದ ಡಿಸೆಂಬರ್ 18ರವರೆಗೆ ಈ ಕೆಫೆಗಳೆಲ್ಲ ಪರದೆ ಕಟ್ಟಿ ಕುರ್ಚಿ ಹೊರಗೆ ಹಾಕಿದ್ದವು. ಪಕ್ಕದ ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್. ಗೋಲು ಬಿದ್ದಾಗ ಬೀದಿಯಿಂದ ಏಳುವ ಕೂಗು ಏಳನೆಯ ಮಹಡಿಗೂ ಬರುತ್ತಿತ್ತು.

ದೋಹಾ ನಮಗೆ ಎಷ್ಟು ಹತ್ತಿರವೆಂದರೆ ವಿಮಾನ ಏರಿ ಬೆಲ್ಟು ಬಿಚ್ಚುವ ಮೊದಲೇ ಇಳಿಯುವ ಊರು ಅದು. ಆದರೆ ಆ ದಿನಗಳಲ್ಲಿ ಬಹ್ರೈನಿನಿಂದ ಅಲ್ಲಿಗೆ ವಿಮಾನ ಇರಲಿಲ್ಲ. 2017ರ ಜೂನ್‌ನಲ್ಲಿ ಕಡಿದುಹೋದ ಸಂಬಂಧ 2021ರ ಜನವರಿಯಲ್ಲಿ ಕಾಗದದ ಮೇಲೆ ಕೂಡಿಕೊಂಡಿದ್ದರೂ ವಿಮಾನಗಳು ಮತ್ತೆ ಹಾರಿದ್ದು 2023ರ ಮೇ ತಿಂಗಳಲ್ಲಿ. ಹೀಗಾಗಿ ನಾವು ಪಕ್ಕದ ಮನೆಯ ಮದುವೆಯನ್ನು ಕಿಟಕಿಯಿಂದ ನೋಡುವವರ ಹಾಗೆ ಆ ವಿಶ್ವಕಪ್ಪನ್ನು ಟಿವಿಯಲ್ಲಿ ನೋಡಿದೆವು.

ಪಂದ್ಯವಿಲ್ಲದ ಒಂದು ಸಂಜೆ ನಮ್ಮ ಮನೆಯಲ್ಲಿ ಐದಾರು ಜನ ಸೇರಿದ್ದರು. ಕನ್ನಡ ಕಾರ್ಯಕ್ರಮಗಳಲ್ಲಿ ಪರಿಚಯವಾದ ಇಬ್ಬರು ಗೆಳೆಯರು, ಅವರ ಮನೆಯವರು, ಜೊತೆಗೆ ಡೆಲಿವರಿ ವ್ಯಾನು ಓಡಿಸುವ ಬಾಗಲಕೋಟೆ ಕಡೆಯ ಒಬ್ಬ ಹುಡುಗ. ಚಹಾ, ಗೋಳಿಬಜೆ ಆದ ಮೇಲೆ ನಾನು ಒಂದು ಸಾಕ್ಷ್ಯಚಿತ್ರ ಹಾಕಿದೆ. ಹೆಸರು ‘ದ ವರ್ಕರ್ಸ್ ಕಪ್’. ನಿರ್ದೇಶಕ ಆಡಂ ಸೋಬೆಲ್. ಅವತ್ತು ಅದನ್ನು ನೋಡಿ ಎದ್ದವರಲ್ಲಿ ಉಳಿದವರೆಲ್ಲ ಒಳ್ಳೆಯ ಚಿತ್ರ ಎಂದರು. ಹುಡುಗ ಮಾತ್ರ ಒಂದು ಪ್ರಶ್ನೆ ಕೇಳಿದ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಚಿತ್ರದ ಮಾತು.

ಆಡಂ ಸೋಬೆಲ್ ಅಮೆರಿಕದವನು. ದೋಹಾದಲ್ಲಿ ನೆಲೆಸಿ ಸಿಎನ್‌ಎನ್, ಬಿಬಿಸಿಯಂಥ ವಾಹಿನಿಗಳಿಗೆ ವರದಿಗಳನ್ನು ತಯಾರಿಸಿಕೊಡುತ್ತಿದ್ದವನು. ಅವನೊಂದಿಗೆ ನಿರ್ಮಾಪಕರಾಗಿ ದುಡಿದವರು ರಮ್ಜಿ ಹದ್ದಾದ್ ಮತ್ತು ಬ್ರಿಟನ್ನಿನ ಪತ್ರಕರ್ತೆ ರೋಸೀ ಗಾರ್ತ್‌ವೇಟ್. ಯುದ್ಧ ನಡೆಯುವ ಊರುಗಳಲ್ಲಿ ಜೀವ ಉಳಿಸಿಕೊಳ್ಳುವುದು ಹೇಗೆ ಎಂದು 2011ರಲ್ಲಿ ಒಂದು ಪುಸ್ತಕವನ್ನೇ ಬರೆದ ಹೆಂಗಸು ಆಕೆ. ಎಂದರೆ ಇದು ಅಪಾಯದ ಸುದ್ದಿಯ ನಡುವೆಯೇ ಬೆಳೆದವರ ತಂಡ. ಕತಾರಿಗೆ ವಿಶ್ವಕಪ್ ಸಿಕ್ಕಿದ್ದು 2010ರ ಡಿಸೆಂಬರ್ 2ರಂದು. ಅಂದಿನಿಂದ ಲೋಕದ ವಾಹಿನಿಗಳಿಗೆಲ್ಲ ಅಲ್ಲಿಯ ಕೂಲಿಕಾರರ ಸುದ್ದಿ ಬೇಕಾಗಿತ್ತು. ಆ ಸುದ್ದಿಯನ್ನು ಒದಗಿಸುತ್ತಿದ್ದ ಈ ತಂಡಕ್ಕೆ ಅದರ ರೂಪದ ಬಗ್ಗೆಯೇ ಬೇಸರ ಬಂತು. ಬೇಸರದಿಂದ ಹುಟ್ಟಿದ ಚಿತ್ರ ‘ದ ವರ್ಕರ್ಸ್ ಕಪ್’. 2017ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದ ಮೊದಲ ದಿನವೇ ತೆರೆ ಕಂಡಿತು.

ಬೇಸರ ಯಾವುದರ ಬಗ್ಗೆ? ಗಲ್ಫಿನ ಕಾರ್ಮಿಕರ ಬಗ್ಗೆ ಟಿವಿ ವರದಿ ನೋಡಿದವರಿಗೆ ಗೊತ್ತಿರುತ್ತದೆ. ಕತ್ತಲ ಕೋಣೆ. ಕಬ್ಬಿಣದ ಮಂಚಗಳು ಒಂದರ ಮೇಲೊಂದು. ಒಲೆಯ ಸುತ್ತ ಎಣ್ಣೆಯ ಕಲೆ. ಬೆನ್ನು ತಿರುಗಿಸಿ ಕೂತ ಒಬ್ಬ ಮನುಷ್ಯ, ಅಥವಾ ಮುಖದ ಜಾಗದಲ್ಲಿ ಒಂದು ಮಬ್ಬು ಚುಕ್ಕೆ. ಅವನು ಎರಡು ವಾಕ್ಯ ಹೇಳುತ್ತಾನೆ: ಸಂಬಳ ಬಂದಿಲ್ಲ, ಪಾಸ್‌ಪೋರ್ಟ್ ಕೊಟ್ಟಿಲ್ಲ. ಮುಂದೆ ವರದಿಗಾರ ಕ್ಯಾಮೆರಾದ ಎದುರು ನಿಂತು ಉಳಿದದ್ದನ್ನು ಹೇಳುತ್ತಾನೆ. ವರದಿಗಾರನ ಮುಖ ಮಾತ್ರ ಸ್ವಚ್ಛವಾಗಿ ಕಾಣುತ್ತದೆ.

ಇದನ್ನು ತಮಾಷೆ ಮಾಡುವುದು ಸುಲಭ. ಆದರೆ ಇದಕ್ಕೆ ಕಾರಣವಿದೆ. ಮುಖ ತೋರಿಸಿದರೆ ಅವನ ಕೆಲಸ ಹೋಗುತ್ತದೆ. ಕ್ಯಾಮೆರಾ ಹಿಡಿದವರಿಗೂ ಕ್ಷೇಮವಿಲ್ಲ. 2015ರ ಮೇ ತಿಂಗಳಲ್ಲಿ ಬಿಬಿಸಿಯ ಮಾರ್ಕ್ ಲೋಬೆಲ್, ಕತಾರ್ ಸರ್ಕಾರವೇ ಆಹ್ವಾನಿಸಿದ್ದ ಪ್ರವಾಸದಲ್ಲಿ ಹೋಗಿದ್ದವರು, ಕೂಲಿಕಾರರ ವಸತಿ ನೋಡಲು ತಾವಾಗಿ ಹೊರಟಾಗ ಬಂಧಿತರಾಗಿ ಎರಡು ರಾತ್ರಿ ಸೆರೆಯಲ್ಲಿ ಕಳೆದರು. ಅವರಿಗೆ ಹಿಂದಿರುಗಲು ದೊಡ್ಡ ಸಂಸ್ಥೆಯ ಬೆಂಬಲವಿತ್ತು. ಬೆನ್ನು ತಿರುಗಿಸಿ ಕೂತವನಿಗೆ ಏನಿದೆ? ಮಬ್ಬು ಮಾಡಿದ ಚುಕ್ಕೆಯೊಂದೇ ಅವನ ಕಾವಲು.

ಆ ಕಾವಲು ಎಷ್ಟು ಗಟ್ಟಿ ಎಂಬುದು ನನಗೆ ಗೊತ್ತು. ಚಿತ್ರದ ವಿಮರ್ಶೆಗೆ ಮೊದಲು ಅದನ್ನು ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ.

ನಾನು ಬಹ್ರೈನಿಗೆ ಬಂದ ಹೊಸದರಲ್ಲಿ ಒಂದು ಕಟ್ಟಡ ಕಂಪನಿಯಲ್ಲಿ ಟೈಂಕೀಪರ್ ಆಗಿದ್ದೆ. ಬೆಳಿಗ್ಗೆ ನಾಲ್ಕೂವರೆಗೆ ಕ್ಯಾಂಪಿನ ಗೇಟಿನಲ್ಲಿ ನಿಂತು ಬಸ್ಸು ಹತ್ತುವವರ ಹೆಸರಿಗೆ ಗುರುತು ಹಾಕುವುದು, ಸಂಜೆ ಎಣಿಸಿ ಇಳಿಸಿಕೊಳ್ಳುವುದು, ತಿಂಗಳ ಕೊನೆಗೆ ಓವರ್‌ಟೈಮ್ ಪಟ್ಟಿ ಮಾಡುವುದು. 2009ರ ಬೇಸಗೆ. ಕೆಲಸಗಾರ ತನ್ನ ಧಣಿಯ ಒಪ್ಪಿಗೆಯಿಲ್ಲದೆ ಬೇರೆ ಕಡೆ ಸೇರಬಹುದು ಎಂದು ಬಹ್ರೈನ್ ಆ ವರ್ಷ ನಿಯಮ ಬದಲಿಸಿತ್ತು. ಗಲ್ಫಿನಲ್ಲಿ ಅದು ಹೊಸ ಸಂಗತಿ. ಹಾಗಾಗಿ ವಿದೇಶಿ ಪತ್ರಕರ್ತರು ಕ್ಯಾಂಪುಗಳನ್ನು ಹುಡುಕಿಕೊಂಡು ಬರುತ್ತಿದ್ದರು. ನಮ್ಮಲ್ಲಿಗೂ ಒಂದು ತಂಡ ಬಂದು ಹೋಗಿತ್ತು. ಯಾರ ಗಮನಕ್ಕೂ ಬಾರದ ಒಂದು ಶುಕ್ರವಾರ.

ಕೆಲವು ವಾರಗಳ ನಂತರ ಮ್ಯಾನೇಜರ್ ನಮ್ಮ ಮೂವರನ್ನು ಕೋಣೆಗೆ ಕರೆದು ಕಂಪ್ಯೂಟರಿನಲ್ಲಿ ಒಂದು ವಿಡಿಯೋ ತೋರಿಸಿದರು. ಕೋಣೆ ನಮ್ಮದೇ ಎಂದು ಗೋಡೆಯ ಬಣ್ಣದಿಂದ ಗೊತ್ತಾಗುತ್ತಿತ್ತು. ಮಾತಾಡುವವನ ಮುಖ ಮಬ್ಬು. ಇಂಗ್ಲಿಷ್ ಅನುವಾದ ಮೇಲೆ ಓಡುತ್ತಿತ್ತು. ಆದರೆ ಟಿವಿಯವರಿಗೆ ಒಂದು ರೂಢಿಯಿದೆ. ಅನುವಾದದ ದನಿ ಶುರುವಾಗುವ ಮೊದಲು ಒಂದೆರಡು ಕ್ಷಣ ಮೂಲ ದನಿಯನ್ನು ಹಾಗೇ ಬಿಡುತ್ತಾರೆ, ನಿಜವಾದ ಮನುಷ್ಯ ನಿಜವಾಗಿ ಮಾತಾಡಿದ ಎಂದು ನೋಡುಗರಿಗೆ ನಂಬಿಕೆ ಬರಲಿ ಎಂದು. ಆ ಎರಡು ಕ್ಷಣದಲ್ಲಿ ನನಗೆ ಕೇಳಿಸಿತು:

“ಊರಿಗ್ ಹೋಯ್ಕ್ ಮರ್ರೆ.”

ಕುಂದಾಪುರ ಕಡೆಯ ಕನ್ನಡ. ನನ್ನ ಊರಿನ ಮಾತು. ಹಿಂದಿ, ಮಲಯಾಳ, ಬಂಗಾಳಿ, ತೆಲುಗುಗಳ ಆ ಕ್ಯಾಂಪಿನಲ್ಲಿ ಅದನ್ನು ಆಡುವವರು ಇಬ್ಬರೇ: ಶಟರಿಂಗ್ ಕೆಲಸದ ಬಡಗಿಯೊಬ್ಬ ಮತ್ತು ನಾನು. ಓದುಗರು ನಂಬಬೇಕು, ಆ ಕ್ಷಣದಲ್ಲಿ ನನಗೆ ಮೊದಲು ಆದದ್ದು ಸಂತೋಷ. ವಿದೇಶದ ಟಿವಿಯಲ್ಲಿ ನಮ್ಮ ಮಾತು! “ಅರೆ, ಇವನು ನಮ್ಮೂರಿನ ಕಡೆಯವನು” ಎಂದು ನಗುತ್ತಾ ಹೇಳಿಯೇಬಿಟ್ಟೆ. ಬಾಯಿಂದ ಬಂದ ಮೇಲೆ ಕೋಣೆಯ ಮೌನ ಕೇಳಿಸಿತು. ಮ್ಯಾನೇಜರ್ ನನ್ನ ಕಡೆಗೆ ಕಾಗದ, ಪೆನ್ನು ತಳ್ಳಿದರು. ನಾನು ಅವನ ಸಿಪಿಆರ್ ಸಂಖ್ಯೆ ಬರೆದುಕೊಟ್ಟೆ. ಬರೆಯದೆ ಇರಬಹುದಿತ್ತು. ತಪ್ಪು ಸಂಖ್ಯೆ ಬರೆಯಬಹುದಿತ್ತು. ನನಗೂ ಮನೆಯಲ್ಲಿ ಸಾಲವಿತ್ತು, ಮದುವೆಗೆ ನಿಂತ ತಂಗಿಯಿದ್ದಳು. ಬರೆದೆ. ಹತ್ತು ದಿನದೊಳಗೆ ಅವನನ್ನು ವಿಮಾನ ಹತ್ತಿಸಿದರು. ಗೇಟಿನ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದದ್ದೂ ನಾನೇ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಈಗ ಚಿತ್ರಕ್ಕೆ ಬರುತ್ತೇನೆ. ಸೋಬೆಲ್ ಮಾಡಿದ ಮೊದಲ ಕೆಲಸ ಆ ಮಬ್ಬು ಚುಕ್ಕೆಯನ್ನು ತೆಗೆದುಹಾಕಿದ್ದು. ಅದಕ್ಕೆ ಅವನಿಗೆ ಸಿಕ್ಕ ದಾರಿ ಫುಟ್‌ಬಾಲ್. ವಿಶ್ವಕಪ್ಪಿನ ಸಿದ್ಧತೆ ನಡೆಯುತ್ತಿದ್ದಾಗ ಕತಾರಿನಲ್ಲಿ ಕಟ್ಟಡ ಕಂಪನಿಗಳ ಕೆಲಸಗಾರರಿಗಾಗಿಯೇ ಒಂದು ಟೂರ್ನಿ ನಡೆಸುತ್ತಿದ್ದರು. ಚಿತ್ರದಲ್ಲಿರುವ ವರ್ಷ 24 ಕಂಪನಿಗಳ ತಂಡಗಳು. ಅದರಲ್ಲಿ ಗಲ್ಫ್ ಕಾಂಟ್ರಾಕ್ಟಿಂಗ್ ಕಂಪನಿ ಎಂಬುದರ ತಂಡವನ್ನು ಕ್ಯಾಮೆರಾ ಹಿಂಬಾಲಿಸುತ್ತದೆ. ಜೆರ್ಸಿಯ ಮೇಲೆ ಜಿಸಿಸಿ ಎಂಬ ಮೂರು ಅಕ್ಷರ. ನಮ್ಮ ಆರು ಗಲ್ಫ್ ದೇಶಗಳ ಒಕ್ಕೂಟಕ್ಕೂ ಅದೇ ಮೂರು ಅಕ್ಷರ. ಯಾರೋ ಬೇಕೆಂದೇ ಇಟ್ಟ ಹಾಗಿದೆ.

ತಂಡದ ನಾಯಕ ಕೆನೆತ್, ಘಾನಾದವನು. ಅಲ್ಲಿ ಹೋದರೆ ಫುಟ್‌ಬಾಲ್ ಕ್ಲಬ್ಬಿಗೆ ಸೇರಬಹುದು ಎಂದು ಏಜೆಂಟನ ಮಾತು ನಂಬಿ ಬಂದು ಕಟ್ಟಡದ ಕೆಲಸಕ್ಕೆ ಬಿದ್ದವನು. ಈ ಟೂರ್ನಿಯಲ್ಲಿ ಆಡುವಾಗಲೂ ಯಾರಾದರೂ ತನ್ನನ್ನು ಗುರುತಿಸಿ ಕರೆದುಕೊಂಡು ಹೋದಾರು ಎಂಬ ಆಸೆ ಅವನ ಕಣ್ಣಿನಲ್ಲಿದೆ. ಕೆನ್ಯಾದ ಪಾಲ್‌ಗೆ ಒಂಟಿತನದ ಕಾಟ. ಹೆಣ್ಣಿನ ದನಿಯೇ ಕೇಳದ ಊರಿನಲ್ಲಿ ಹರೆಯ ಕಳೆದುಹೋಗುತ್ತಿದೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ನೇಪಾಳದ ಪದಮ್‌ಗೆ ಹೆಂಡತಿ ಎಂದರೆ ಫೋನಿನ ದನಿ. ಭಾರತದ ಉಮೇಶ್ ತನ್ನ ಮಕ್ಕಳಿಗೆ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರ ಹೆಸರಿಟ್ಟಿದ್ದಾನೆ, ರೂನಿ ಮತ್ತು ರಾಬಿನ್. ಊರಿನಲ್ಲಿ ಒಂದು ಮನೆ ಕಟ್ಟುವುದು ಅವನ ಗುರಿ. ಊರಿನವರ ಮನೆಗಳನ್ನೆಲ್ಲ ಕಟ್ಟಿ ತನ್ನ ಮನೆಗೆ ಕಾಯುವವನು.

ಇವರ ಮುಖಗಳನ್ನು ನಾವು ಒಂದೂವರೆ ಗಂಟೆ ನೋಡುತ್ತೇವೆ. ಬೆವರು, ಹಲ್ಲು, ನಗು, ಸೋತಾಗ ಸಿಟ್ಟು. ವರದಿಯಲ್ಲಿ ಇವರೆಲ್ಲ ಒಂದೇ ಮಬ್ಬು ಚುಕ್ಕೆಯಾಗುತ್ತಿದ್ದರು. ಇಲ್ಲಿ ಕೆನೆತ್‌ನ ಜಂಬ ಬೇರೆ, ಪದಮ್‌ನ ಸಂಕೋಚ ಬೇರೆ. ಕೂಲಿಕಾರನೆಂದರೆ ದುಃಖ ಮಾತ್ರ ಪಡುವವನು ಎಂಬ ಅಭ್ಯಾಸದ ಚಿತ್ರವನ್ನು ಸೋಬೆಲ್ ಒಡೆಯುತ್ತಾನೆ. ಗೆದ್ದ ರಾತ್ರಿ ಬಸ್ಸಿನಲ್ಲಿ ಹಾಡುತ್ತಾ ಕುಣಿಯುತ್ತಾ ಬರುವವರು ಮರುದಿನ ಬೆಳಿಗ್ಗೆ ಅದೇ ಕೆಲಸದ ಬಟ್ಟೆ ತೊಟ್ಟು ಹೊರಡುತ್ತಾರೆ. ಈ ಎರಡರ ನಡುವೆ ಚಿತ್ರ ಯಾವ ವಿವರಣೆಯನ್ನೂ ಸೇರಿಸುವುದಿಲ್ಲ. ವರದಿಗಾರನೊಬ್ಬ ಬಂದು ನಿಂತು ಅರ್ಥ ಹೇಳುವುದಿಲ್ಲ. ಟಿವಿಯಲ್ಲಿ ವರ್ಷಗಟ್ಟಲೆ ಅದನ್ನೇ ಮಾಡಿಕೊಂಡು ಬಂದವರಿಗೆ ಬಾಯಿ ಮುಚ್ಚಿಕೊಂಡಿರುವುದು ಸುಲಭವಲ್ಲ. ಈ ಸಂಯಮಕ್ಕಾಗಿಯೇ ಚಿತ್ರವನ್ನು ಎರಡನೆಯ ಸಲ ನೋಡಬಹುದು. ಆಟದ ಫಲಿತಾಂಶ ನಾನು ಹೇಳುವುದಿಲ್ಲ; ನೋಡುವವರು ನೋಡಿಕೊಳ್ಳಲಿ.

ಆದರೆ ಮುಖ ತೋರಿಸಲು ಅನುಮತಿ ಬೇಕು. ಅನುಮತಿ ಕೊಟ್ಟವರು ಯಾರು? ಟೂರ್ನಿಯ ನೆಪದಲ್ಲಿ ಬಾಗಿಲು ತೆರೆಯಿತು. ಕಾರ್ಮಿಕರು ಸಂತೋಷವಾಗಿ ಆಡುತ್ತಿದ್ದಾರೆ ಎಂಬ ಚಿತ್ರ ಹೊರಜಗತ್ತಿಗೆ ಹೋದರೆ ನಡೆಸುವವರಿಗೂ ಒಳ್ಳೆಯದು, ಕಂಪನಿಗಳಿಗೂ ಒಳ್ಳೆಯದು. ಚಿತ್ರಕ್ಕೆ ಇದು ಗೊತ್ತು. ಟೂರ್ನಿಯೇ ಒಂದು ಜಾಹೀರಾತು ಎಂಬುದನ್ನು ಅದು ಮರೆಮಾಚುವುದಿಲ್ಲ. ಆಟಗಾರರಿಗೂ ಗೊತ್ತು. ಗೊತ್ತಿದ್ದೂ ಅವರು ಆಡುತ್ತಾರೆ. ತೊಂಬತ್ತು ನಿಮಿಷ ಯಾರೋ ತಮ್ಮ ಹೆಸರು ಕೂಗುತ್ತಾರಲ್ಲ, ಅದು ಬೇಕು. ಚಿತ್ರದ ಬಹಳ ದೊಡ್ಡ ಸತ್ಯ ಇದು ಎಂದು ನನ್ನ ಭಾವನೆ: ಮೋಸದೊಳಗಿನ ಸಂತೋಷವೂ ಸಂತೋಷವೇ. ಅದನ್ನು ಪಡುವವನು ಮೂರ್ಖನಲ್ಲ.

ಹಾಗಿದ್ದರೂ ಬೆಲೆ ತೆರಲೇಬೇಕಾಯಿತು. ಬಾಗಿಲು ತೆರೆದವರ ಕಡೆಗೆ ಕ್ಯಾಮೆರಾ ಹೆಚ್ಚು ಹೊತ್ತು ತಿರುಗುವುದಿಲ್ಲ. ಕೆನೆತ್‌ಗೆ ಸುಳ್ಳು ಹೇಳಿದ ಏಜೆಂಟ್ ಮಾತಿನಲ್ಲಷ್ಟೇ ಬರುತ್ತಾನೆ. ಪ್ರಾಯೋಜಕ ಪದ್ಧತಿ, ಗಲ್ಫಿನವರು ಕಫಾಲಾ ಎನ್ನುವುದು, ಹವೆಯ ಹಾಗೆ ಎಲ್ಲೆಡೆ ಇದೆ. ಆದರೆ ಅದನ್ನು ದಿನವೂ ನಡೆಸುವ ಕೈಗಳು ಕಾಣುವುದಿಲ್ಲ. ನನ್ನ ತಕರಾರು ಇಲ್ಲಿ ಶುರುವಾಗುತ್ತದೆ.

ಗಲ್ಫಿನ ಕಾರ್ಮಿಕರ ಬಗ್ಗೆ ಪಾಶ್ಚಾತ್ಯ ಪತ್ರಕರ್ತರು ಮಾಡಿದ ಹೆಚ್ಚಿನ ಚಿತ್ರಗಳಲ್ಲಿ ಎರಡೇ ಪಾತ್ರ: ಕೆಳಗೆ ಕೂಲಿಕಾರ, ಮೇಲೆ ಎಲ್ಲೋ ಬಿಳಿ ನಿಲುವಂಗಿಯ ಧಣಿ. ಕ್ಯಾಂಪಿನಲ್ಲಿ ಬದುಕಿದವರಿಗೆ ಗೊತ್ತು, ಕೂಲಿಕಾರ ಆ ಧಣಿಯನ್ನು ವರ್ಷಕ್ಕೊಮ್ಮೆಯೂ ಕಾಣುವುದಿಲ್ಲ. ಅವನು ದಿನವೂ ಕಾಣುವುದು ನಮ್ಮನ್ನು. ಟೈಂಕೀಪರ್, ಕ್ಯಾಂಪ್ ಬಾಸ್, ಫೋರ್‌ಮನ್, ಲೆಕ್ಕಪತ್ರದ ಗುಮಾಸ್ತ, ಸ್ಟೋರ್‌ಕೀಪರ್, ವೀಸಾ ಕಾಗದ ಹಿಡಿದು ಓಡಾಡುವ ಮನುಷ್ಯ. ನಮ್ಮಲ್ಲಿ ಮಂಗಳೂರು, ಉಡುಪಿಯವರಿದ್ದೇವೆ, ಕೇರಳದವರಿದ್ದಾರೆ, ಗೋವೆಯವರು, ಫಿಲಿಪ್ಪೀನಿನವರು. ಊರಿನಲ್ಲಿ ಹುಡುಗರನ್ನು ಹುಡುಕಿ ಕಳಿಸುವವನೂ ನಮ್ಮವನೇ. ಏಜೆಂಟ್ ಪಡೆಯಬಹುದಾದ ಶುಲ್ಕಕ್ಕೆ ಭಾರತ ಸರ್ಕಾರ 30,000 ರೂಪಾಯಿಯ ಮಿತಿ ಹಾಕಿದೆ. ಗೇಟಿನಲ್ಲಿ ನಿಂತು ನಾನು ಕೇಳಿದ ಮೊತ್ತಗಳು ಅದರ ಎರಡು ಪಟ್ಟು, ಮೂರು ಪಟ್ಟು. ಆ ಹಣ ಯಾವ ಶೇಖನ ಮನೆಗೂ ಹೋಗಿರಲಿಲ್ಲ.

‘ದ ವರ್ಕರ್ಸ್ ಕಪ್’ನಲ್ಲಿ ಈ ನಡುವಿನ ಮನುಷ್ಯ ಒಬ್ಬ ಇದ್ದಾನೆ. ಸೆಬಾಸ್ಟಿಯನ್, ಭಾರತದವನು, ತಂಡವನ್ನು ಕಟ್ಟಿ ನಡೆಸುವವನು. ಅವನು ಪರದೆಯ ಮೇಲೆ ಬಂದಾಗಲೆಲ್ಲ ನಾನು ಮುಂದಕ್ಕೆ ಬಾಗಿ ನೋಡಿದೆ. ಹುಡುಗರ ಮೇಲೆ ಅವನಿಗೆ ಪ್ರೀತಿಯಿದೆ. ಅದು ನಟನೆಯಲ್ಲ. ಕಂಪನಿಯ ಕೆಲಸವೂ ಇದೆ. ಎರಡನ್ನೂ ಹೊತ್ತು ನಡೆಯುವಾಗ ಮನುಷ್ಯ ಹೇಗೆ ಮಾತಿನಲ್ಲಿ ಎಚ್ಚರಿಕೆ ಕಲಿಯುತ್ತಾನೆ ಎಂಬುದು ನನಗೆ ಅವನ ಮುಖದಲ್ಲಿ ಕಂಡಿತು. ಆದರೆ ಚಿತ್ರ ಅವನನ್ನು ಒಬ್ಬ ಒಳ್ಳೆಯ ವ್ಯವಸ್ಥಾಪಕನಾಗಿ ನೋಡಿ ಮುಂದೆ ಹೋಗುತ್ತದೆ. ಅವನನ್ನು ಕೇಳಬೇಕಾಗಿದ್ದ ಪ್ರಶ್ನೆ ಒಂದಿತ್ತು: ಈ ಹುಡುಗರಲ್ಲಿ ಒಬ್ಬನ ಹೆಸರು ಬರೆದುಕೊಡು ಎಂದು ನಾಳೆ ನಿನ್ನ ಮುಂದೆ ಕಾಗದ ತಳ್ಳಿದರೆ ಏನು ಮಾಡುತ್ತೀಯ? ಸೋಬೆಲ್‌ಗೆ ಆ ಪ್ರಶ್ನೆ ಹೊಳೆಯದ್ದು ತಪ್ಪಲ್ಲ. ಹೊರಗಿನಿಂದ ಬಂದವನಿಗೆ ಅದು ಹೊಳೆಯುವುದು ಕಷ್ಟ. ಆ ಕುರ್ಚಿಯಲ್ಲಿ ಕೂತವನೇ ಕೇಳಬೇಕು.

ಇದೇ ಕಾಲದಲ್ಲಿ ಬಂದ ಇನ್ನೆರಡು ಚಿತ್ರಗಳ ಪಕ್ಕದಲ್ಲಿಟ್ಟರೆ ಸೋಬೆಲ್‌ನ ಕೆಲಸದ ಬೆಲೆಯೂ ಮಿತಿಯೂ ಇನ್ನಷ್ಟು ಸ್ಪಷ್ಟವಾಗುತ್ತದೆ. ಲೆಬನಾನಿನ ಮಹಮೂದ್ ಕಾಬೂರ್ 2013ರಲ್ಲಿ ‘ಚಾಂಪ್ ಆಫ್ ದ ಕ್ಯಾಂಪ್’ ಮಾಡಿದ. ಅರಬ್ ಎಮಿರೇಟ್ಸಿನ ಕ್ಯಾಂಪುಗಳಲ್ಲಿ ನಡೆಯುವ ಹಿಂದಿ ಹಾಡಿನ ಸ್ಪರ್ಧೆಯ ಕತೆ. ಅಲ್ಲೂ ಅನುಮತಿ ಪಡೆದು ತೆರೆದ ಬಾಗಿಲು, ಅಲ್ಲೂ ಮುಖಗಳು ಸ್ಪಷ್ಟ. ದಣಿದು ಬಂದವನು ಮಂಚದ ಮೇಲೆ ಕೂತು ಹಳೆಯ ಹಾಡು ಗುನುಗುವುದನ್ನು ನೋಡುವಾಗ ಗಂಟಲು ಕಟ್ಟುತ್ತದೆ. ಆದರೆ ಹಾಡಿನ ಸಿಹಿಯಲ್ಲಿ ಕೇಳಬೇಕಾದ ಮಾತುಗಳು ಕರಗಿಹೋಗುತ್ತವೆ. ಸೋಬೆಲ್ ಆ ಸಿಹಿಗೆ ಒಳಗಾಗುವುದಿಲ್ಲ. ಅವನ ಆಟದ ಮೈದಾನದ ಹೊರಗೆ ಕ್ಯಾಂಪಿನ ಗೋಡೆ ಯಾವಾಗಲೂ ಕಾಣುತ್ತಿರುತ್ತದೆ.

ಎರಡನೆಯದು ‘ಫ್ರಂ ಗಲ್ಫ್ ಟು ಗಲ್ಫ್ ಟು ಗಲ್ಫ್’, ಅದೂ 2013ರದು. ಮುಂಬಯಿಯ ಕ್ಯಾಂಪ್ ಎಂಬ ಹೆಸರಿನ ಕಲಾವಿದರ ಬಳಗದ ಶೈನಾ ಆನಂದ್ ಮತ್ತು ಅಶೋಕ್ ಸುಕುಮಾರನ್ ಮಾಡಿದ್ದು. ಕಛ್‌ನ ನಾವಿಕರು ಮರದ ಹಡಗಿನಲ್ಲಿ ಸರಕು ತುಂಬಿಕೊಂಡು ಅರಬ್ಬಿ ಸಮುದ್ರದ ದಡಗಳನ್ನು ಸುತ್ತುತ್ತಾರೆ. ಈ ಚಿತ್ರದ ಬಹುಭಾಗ ಆ ನಾವಿಕರೇ ತಮ್ಮ ಮೊಬೈಲಿನಲ್ಲಿ ತೆಗೆದ ದೃಶ್ಯಗಳು, ಅವರೇ ಜೊತೆಗಿಟ್ಟುಕೊಂಡ ಹಾಡುಗಳು. ಇಲ್ಲಿ ಅನುಮತಿಯ ಪ್ರಶ್ನೆಯೇ ಬೇರೆ. ಯಾರ ಮುಖ ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ಹಡಗಿನ ಮೇಲಿದ್ದವನೇ ಮೊದಲು ನಿರ್ಧರಿಸಿದ್ದಾನೆ. ಚಿತ್ರ ಕೆಲವು ಕಡೆ ಅರ್ಥವಾಗುವುದಿಲ್ಲ, ದೃಶ್ಯಗಳು ನಡುಗುತ್ತವೆ. ಆದರೆ ನಾವಿಕ ತನಗಾಗಿ, ತನ್ನ ಗೆಳೆಯರಿಗಾಗಿ ತೆಗೆದದ್ದರಲ್ಲಿ ಇರುವ ಸಲಿಗೆ ಯಾವ ಪತ್ರಕರ್ತನಿಗೂ ಸಿಗದು.

ಮುಖ ಮರೆಸಿದ ಟಿವಿ ವರದಿ, ಅನುಮತಿ ಪಡೆದು ಮುಖ ತೋರಿಸಿದ ಸಾಕ್ಷ್ಯಚಿತ್ರ, ತಾನೇ ತೆಗೆದುಕೊಂಡ ಚಿತ್ರ: ಈ ಮೂರರಲ್ಲಿ ಕೊನೆಯದೇ ಉತ್ತಮ ಎಂದು ಹೇಳಿ ಮುಗಿಸಬಹುದು. ಆದರೆ ಹಾಗೆ ಹೇಳಲಾರೆ. ಸಂಬಳ ಸಿಗದವನ ಮಾತನ್ನು ಹೊರಗೆ ಒಯ್ಯಲು ಪತ್ರಕರ್ತ ಬೇಕೇ ಬೇಕು. 2020ರಲ್ಲಿ ಕತಾರ್, ಧಣಿಯ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟು, 1,000 ರಿಯಾಲ್‌ಗಳ ಕನಿಷ್ಠ ವೇತನವನ್ನು ಘೋಷಿಸಿತು. ಅದರ ಹಿಂದೆ ಹತ್ತು ವರ್ಷದ ವರದಿಗಳ ಒತ್ತಡವೂ ಇದೆ. ಆ ವರದಿಗಳಲ್ಲಿ ಬಹಳಷ್ಟು ಮಬ್ಬು ಮುಖದವೇ. ಹಾಗಾದರೆ ನನ್ನ ಅಳತೆಗೋಲು ಯಾವುದು?

‘ಸಾಕ್ಷ್ಯಚಿತ್ರ’ ಎಂಬ ನಮ್ಮ ಮಾತಿನಲ್ಲೇ ಅದು ಇದೆ ಎಂದು ಈಚೆಗೆ ಅನ್ನಿಸುತ್ತದೆ. ಇಂಗ್ಲಿಷಿನ ಡಾಕ್ಯುಮೆಂಟರಿಯಲ್ಲಿ ಕಾಗದ ಪತ್ರದ ವಾಸನೆಯಿದೆ, ದಾಖಲೆ ಎಂಬ ಅರ್ಥವಿದೆ. ಕನ್ನಡದ ಪದದೊಳಗೆ ಒಬ್ಬ ಸಾಕ್ಷಿ ಕೂತಿದ್ದಾನೆ. ಸಾಕ್ಷಿ ಎಂದ ಮೇಲೆ ಕಟಕಟೆ ಇದೆ, ಕೇಳುವವರಿದ್ದಾರೆ, ಸಾಕ್ಷಿ ಹೇಳಿದ ಮೇಲೆ ಮನೆಗೆ ಹೋಗುವ ದಾರಿಯಿದೆ. ನನ್ನೂರಿನ ಬಡಗಿ ಸಾಕ್ಷಿ ಹೇಳಿದ. ಪತ್ರಕರ್ತ ಅವನ ಮುಖ ಮರೆಸಿದ, ಅದು ಪ್ರಾಮಾಣಿಕ ಕೆಲಸ. ಆದರೆ ಅವನ ಮಾತನ್ನು ಎರಡು ಕ್ಷಣ ಹಾಗೇ ಬಿಟ್ಟ. ಅದು ಯಾರಿಗೂ ಅರ್ಥವಾಗದ ಸದ್ದು ಎಂದುಕೊಂಡ. ಲಂಡನ್ನಿನ ಎಡಿಟಿಂಗ್ ಮೇಜಿನ ಮೇಲೆ ಕುಂದಾಪುರದ ಕನ್ನಡ ಬರಿಯ ಹಿನ್ನೆಲೆಯ ದನಿ. ಕ್ಯಾಂಪಿನ ಆಫೀಸಿನಲ್ಲಿ ಅದು ಅವನ ಹೆಸರು, ಊರು, ಕೋಣೆಯ ನಂಬರು ಎಲ್ಲವೂ ಆಗಿತ್ತು. ಈ ದನಿ ಯಾರ ಕಿವಿಗೆ ಬೀಳುತ್ತದೆ, ಚಿತ್ರ ತೆಗೆದವರು ಹೋದ ಮೇಲೆ ಅವನ ಪಕ್ಕದಲ್ಲಿ ಉಳಿಯುವವರು ಯಾರು ಎಂದು ಒಂದು ಚಿತ್ರ ಯೋಚಿಸಿದೆಯೇ? ನಾನು ಈಗ ಪ್ರತಿ ಚಿತ್ರವನ್ನೂ ಹೀಗೆ ನೋಡುತ್ತೇನೆ. ಸೋಬೆಲ್ ತನ್ನ ಹುಡುಗರ ಜೊತೆ ಒಂದು ಟೂರ್ನಿಯುದ್ದ ಇದ್ದು ಅರ್ಧ ದಾರಿ ನಡೆದಿದ್ದಾನೆ. ಅದೇ ದೊಡ್ಡದು. ಉಳಿದರ್ಧ ಅವನ ಕೆಲಸವಲ್ಲ, ನಮ್ಮದು.

ನೆರೆಯ ಮಲಯಾಳದವರು ಇದನ್ನು ಬೇಗ ಅರಿತರು. ‘ಆಡುಜೀವಿತಂ’ ಬರೆದ ಬೆನ್ಯಾಮಿನ್ 1992ರಿಂದ 2013ರವರೆಗೆ ಇದೇ ಬಹ್ರೈನಿನಲ್ಲಿ ನೌಕರಿ ಮಾಡಿಕೊಂಡಿದ್ದವರು. 2008ರಲ್ಲಿ ಆ ಕಾದಂಬರಿ ಬಂತು. ಸೌದಿಯ ಮರಳಿನಲ್ಲಿ ಆಡು ಕಾಯ್ದವನ ಕತೆಯನ್ನು ಅವನ ಬಾಯಿಂದಲೇ ಕೇಳಿ, ಅವನ ಭಾಷೆಯಲ್ಲೇ ಬರೆದರು. ಹೊರಗಿನ ಪತ್ರಕರ್ತ ಬರಲಿ ಎಂದು ಕಾಯಲಿಲ್ಲ. ನಾವು ಕರಾವಳಿಯವರು ಮೂರು ತಲೆಮಾರಿನಿಂದ ಇಲ್ಲಿದ್ದೇವೆ. ಯಕ್ಷಗಾನ ಆಡಿದ್ದೇವೆ, ರಾಜ್ಯೋತ್ಸವ ಮಾಡಿದ್ದೇವೆ, ಊರಿನ ದೇವಸ್ಥಾನಗಳಿಗೆ ಗೋಪುರ ಕಟ್ಟಿಸಿದ್ದೇವೆ. ನಮ್ಮ ಲೇಖನಗಳಲ್ಲಿ ಮೊದಲ ವಿಮಾನ ಪ್ರಯಾಣವಿದೆ, ಖರ್ಜೂರವಿದೆ, ಊರಿನ ಮಳೆಯ ನೆನಪಿದೆ. ಗೇಟಿನ ಪಟ್ಟಿ ಇಲ್ಲ. ಆ ಪಟ್ಟಿ ಬರೆದವರು ನಾವೇ ಆದ್ದರಿಂದ ಇಲ್ಲವೋ ಏನೋ.

ಅವತ್ತು ಸಂಜೆ ಚಿತ್ರ ಮುಗಿದು ಹೆಸರುಗಳು ಓಡುತ್ತಿದ್ದಾಗ ಬಾಗಲಕೋಟೆಯ ಹುಡುಗ ಕೇಳಿದ, “ಸರ, ಈ ಪಿಚ್ಚರ್ ತಗದ ಮ್ಯಾಲ ಆ ಹುಡುಗ್ರಿಗೇನಾತ್ರೀ?” ನಾವೆಲ್ಲ ಚಿತ್ರದ ಬಗ್ಗೆ ಮಾತಾಡುತ್ತಿದ್ದೆವು. ಅವನು ಹುಡುಗರ ಬಗ್ಗೆ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಕೆಳಗಿನ ಬೀದಿಯಿಂದ ಯಾವುದೋ ಹಳೆಯ ಪಂದ್ಯದ ಮರುಪ್ರಸಾರದ ಸದ್ದು ಬರುತ್ತಿತ್ತು.

ನನ್ನ ಬಡಗಿಗೆ ಏನಾಯಿತು ಎಂಬುದು ನನಗೆ ಗೊತ್ತಿತ್ತು. ಅದನ್ನು ಅವನಿಗೆ ಅಂದು ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಕೆಲವು ವರ್ಷಗಳ ನಂತರ ರಜೆಯಲ್ಲಿ ಊರಿಗೆ ಹೋದಾಗ ಒಂದು ಜಾತ್ರೆಯಲ್ಲಿ ಅವನು ಎದುರಾದ. “ಹ್ವಾಯ್, ಟೈಂಕೀಪರ್ ಅಣ್ಣ!” ಎಂದು ಅವನೇ ಕರೆದ. ನನ್ನ ಕಾಲು ನಡುಗಿತು. ಅವನಿಗೆ ಏನೂ ಗೊತ್ತಿರಲಿಲ್ಲ. ಊರಿನಲ್ಲೇ ಬಡಗಿ ಕೆಲಸ ಮಾಡಿಕೊಂಡಿದ್ದ; ಸಾಲದ ಕೊನೆಯ ಕಂತು ಇನ್ನೂ ಇತ್ತು. ಕಬ್ಬಿನ ಹಾಲು ಕುಡಿಯುತ್ತಾ ನಿಂತಾಗ ಅವನು ಕೇಳಿದ್ದು ಒಂದೇ: ಆ ಟಿವಿಯವರು ತೆಗೆದದ್ದನ್ನು ನೀವು ನೋಡಿದ್ರಾ, ನಾನು ಹೇಗೆ ಕಂಡೆ? ನಾನು ನೋಡಿದೆ ಎಂದೆ. ಮುಖ ಕಾಣದ ಹಾಗೆ ಮಾಡಿದ್ದರು ಎಂದೆ.

“ಮಕವೇ ಕಾಣ್ಲಿಲ್ಯಾ?” ಎಂದ. ತಾಯಿಗೆ ನೋಡಲು ಹೇಳಿದ್ದನಂತೆ. ಎರಡು ವಾರ ಆಕೆ ಪಕ್ಕದ ಮನೆಯ ಟಿವಿಯ ಮುಂದೆ ಕೂತಿದ್ದಳಂತೆ.

ದನಿ ಮಾತ್ರ ಕೇಳಿಸಿತು ಎಂದು ನಾನು ಹೇಳಿದೆ. ಆ ದನಿಯಿಂದ ಏನಾಯಿತು ಎಂಬುದನ್ನು ಹೇಳಲಿಲ್ಲ. ಅವನು ಗ್ಲಾಸು ಕೆಳಗಿಟ್ಟು, ಹಣ ಕೊಡಲು ಬಂದ ನನ್ನ ಕೈಯನ್ನು ತಡೆದು ತಾನೇ ಕೊಟ್ಟ.

ಈ ಪುಸ್ತಕ ಊರಿನಲ್ಲೂ ಓದುವವರ ಕೈಗೆ ಹೋಗುತ್ತದೆ ಎಂದು ಸಂಪಾದಕರು ಹೇಳಿದ್ದಾರೆ. ಅವನ ಕೈಗೂ ಹೋಗಬಹುದು. ಹೋದರೆ ಗುರುತು ಹಿಡಿಯಲು ಅವನಿಗೆ ಮುಖ ಬೇಕಾಗುವುದಿಲ್ಲ.